ಆಗದವರ ಡ್ರಾಯರು

ನಮ್ಮೂರಿನಲ್ಲಿ ಫೋಟೋ ಒಂದೇ ಕಡೆ ಇದ್ದರೆ ಅದರೊಳಗಿನ ಜನ ಎದ್ದು ಹೋಗುತ್ತಾರೆ. ಅಮಾವಾಸ್ಯೆಯ ದಿನ, ಮಧ್ಯಾಹ್ನ ಊಟದ ಹೊತ್ತಿಗೆ. ಎಲ್ಲಿಗೆ ಹೋಗುತ್ತಾರೆ ಎಂದು ನನ್ನನ್ನು ಕೇಳಬೇಡಿ. ನಾನು ಕಂಪ್ಯೂಟರು, ಕ್ಯಾಮೆರಾ ರಿಪೇರಿ ಮಾಡುವವಳು, ಹೋದವರ ಬೆನ್ನು ಹತ್ತುವುದು ನನ್ನ ಕೆಲಸವಲ್ಲ. ಕುರ್ಚಿ ಉಳಿಯುತ್ತದೆ, ಹಾರ ಉಳಿಯುತ್ತದೆ, ಹಿಂದಿನ ನೀಲಿ ಪರದೆ ಉಳಿಯುತ್ತದೆ. ಮನುಷ್ಯರು ಮಾತ್ರ ಇರುವುದಿಲ್ಲ. ಹಿಂದಿನ ಪುರಸಭೆ ಅಧ್ಯಕ್ಷರು ನೀರಿನ ಟ್ಯಾಂಕು ಉದ್ಘಾಟಿಸಿದ ಫೋಟೋ ಇವತ್ತಿಗೂ ಕಚೇರಿಯ ಗೋಡೆಯ ಮೇಲಿದೆ. ಒಂದು ಕೆಂಪು ಟೇಪು, ಗಾಳಿಯಲ್ಲಿ ಒಂದು ಕತ್ತರಿ, ಅಷ್ಟೇ. ಟ್ಯಾಂಕಿಗೂ ನೀರು ಬರಲಿಲ್ಲ, ಅದು ಬೇರೆ ವಿಷಯ.

ಹಾಗಾಗಿ ನಮ್ಮವರು ಫೋಟೋ ತೆಗೆದ ಕೂಡಲೇ ಮೂರು ಕಾಪಿ ಮಾಡುತ್ತಾರೆ. ಒಂದು ಸ್ವಂತ ಮನೆಯಲ್ಲಿ, ಒಂದು ನೆಂಟರ ಮನೆಯಲ್ಲಿ, ಇನ್ನೊಂದು ಆಗದವರ ಮನೆಯಲ್ಲಿ. ಈ ಮೂರನೆಯದನ್ನು ಕೇಳಿ ಹೊರಗಿನವರು ನಗುತ್ತಾರೆ. ನಗಲಿ. ಪ್ರೀತಿಯವರ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು ನೋಡಿ, ಎಂಟು ದಿನದಲ್ಲಿ ಅದರೊಳಗಿನದನ್ನೆಲ್ಲ ಅಳಿಸಿ ಸಿನಿಮಾ ತುಂಬಿಕೊಂಡಿರುತ್ತಾರೆ. ಕೇಳಿದರೆ "ಅಯ್ಯೋ, ನಿಂದೇ ತಾನೆ" ಎನ್ನುತ್ತಾರೆ. ಆಗದವರು ಹಾಗಲ್ಲ. ಮುಟ್ಟಲೂ ಹೇಸಿಕೊಂಡು, ಎರಡು ಬೆರಳಲ್ಲಿ ಹಿಡಿದು ಬೀರುವಿನ ಮೂಲೆಗೆ ಎಸೆದು ಬೀಗ ಹಾಕುತ್ತಾರೆ. ತೆರೆದು ನೋಡುವುದಿಲ್ಲ, ನೋಡಿದರೆ ಆಸೆಪಟ್ಟು ನೋಡಿದಂತಾಗುತ್ತದೆ. ಕಳೆದುಕೊಳ್ಳುವುದೂ ಇಲ್ಲ, ಕಳೆದರೆ ಬೇಕೆಂದೇ ಕಳೆದರು ಎಂದು ಊರು ಆಡಿಕೊಳ್ಳುತ್ತದೆ. ನಮ್ಮಲ್ಲಿ ಸಂಬಂಧ ನೋಡಲು ಬಂದವರು ಮನೆ ಹೊಲ ನೋಡಿದ ಮೇಲೆ "ನಿಮಗೆ ಯಾರ ಜೊತೆ ಆಗಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ಎಲ್ಲರ ಜೊತೆಗೂ ಚೆನ್ನಾಗಿದ್ದೇವೆ ಎಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ನನ್ನ ಅಂಗಡಿಯಲ್ಲೂ ಅಂಥ ಒಂದು ಡ್ರಾಯರು ಇದೆ. ಅದರಲ್ಲಿ ಹನ್ನೊಂದು ಲಕೋಟೆಗಳಿವೆ, ಅಂದರೆ ಈ ಊರಿನಲ್ಲಿ ಹನ್ನೊಂದು ಜನರಿಗೆ ನನ್ನನ್ನು ಕಂಡರಾಗುವುದಿಲ್ಲ. ನನ್ನ ನಾಲಿಗೆಗೆ ಇದು ಕಡಿಮೆಯೇ. ಹನ್ನೊಂದರಲ್ಲಿ ಒಂದು ಲಕೋಟೆ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ ಕರಿಬಸಪ್ಪನದು. ಒಂಬತ್ತು ವರ್ಷದ ಹಿಂದೆ ಅವನು ಲೆನ್ಸು ಹೊರಗೆ ಬಂದು ಸಿಕ್ಕಿಕೊಂಡ ಕ್ಯಾಮೆರಾ ಒಂದನ್ನು ತಂದ. ಬಿಚ್ಚಿ ನೋಡಿದರೆ ಲೆನ್ಸಿನ ಕೊಳವೆಯಲ್ಲಿ ಒಂದು ಸಾಸಿವೆ ಕಾಳು. ತೆಗೆದು, ಒರೆಸಿ, ಸರಿ ಮಾಡಿ ಕೊಟ್ಟೆ. ಮರುದಿನ ಅವನು ಲೆನ್ಸಿನ ಮೇಲೆ ಗೀರು ಬಿದ್ದಿದೆ ಎಂದು ಬಸ್‌ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದ. ಹೆಂಗಸರ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಹೀಗೇ ಆಗುವುದು ಎಂದೂ ಸೇರಿಸಿದ. ನಾನು ಸುಮ್ಮನಿರಲಿಲ್ಲ. ಟೈಮ್‌ಕೀಪರ್ ಆಗಿ ಒಂದು ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಬಿಡದವನು ನನ್ನ ಕೆಲಸಕ್ಕೆ ಹೆಸರಿಡುತ್ತಾನಾ ಎಂದು, ಅವನು ನಿಂತಿದ್ದ ಪ್ಲಾಟ್‌ಫಾರಂಗೇ ಹೋಗಿ, ಮೂರು ಬಸ್ಸಿನ ಜನಕ್ಕೆ ಕೇಳುವಂತೆ ಕೇಳಿದೆ. ಎರಡು ವಾರದ ಮೇಲೆ ಅವನು ಅಂಗಡಿಗೆ ಬಂದು ಒಂದು ಖಾಕಿ ಲಕೋಟೆಯನ್ನು ಮೇಜಿನ ಮೇಲಿಟ್ಟ.

"ಇಟ್ಕೊ. ಈ ಊರಲ್ಲಿ ನನ್ನ ಕಂಡ್ರೆ ನಿನ್ನಷ್ಟು ಉರ್ಕೊಳ್ಳೋರು ಇನ್ನೊಬ್ರಿಲ್ಲ" ಎಂದ.

ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ತೋರಿಸಿಕೊಳ್ಳದೆ ಲಕೋಟೆಯನ್ನು ಡ್ರಾಯರಿಗೆ ಎಸೆದೆ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ. ಲಕೋಟೆ ಹಾಗೇ ಉಳಿಯಿತು.

ಕೆಲವು ತಿಂಗಳ ಹಿಂದೆ ಒಂದು ಅಮಾವಾಸ್ಯೆ ಶನಿವಾರ ಬಿದ್ದಿತ್ತು. ಅದೇ ವಾರದ ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಕರಿಬಸಪ್ಪನ ಹೆಂಡತಿ ಸಿದ್ದಗಂಗಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ.

"ಜಲಜಾ, ನಮ್ಮನೆ ಹಾರ್ಡ್‌ಡಿಸ್ಕು ಟಕ್ ಟಕ್ ಅಂತೈತೆ ಕಣೇ."

"ಎಲ್ಲಿದೆ?"

ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ರಾಗಿ ಹಿಟ್ಟು. ಹಿಟ್ಟಿನೊಳಗೆ ಕೈ ಹಾಕಿ ಹಾರ್ಡ್‌ಡಿಸ್ಕನ್ನು ಹೊರಗೆ ತೆಗೆದರು.

"ಮೊಬೈಲ್ ಕೆಟ್ರೆ ಅಕ್ಕಿಗೆ ಹಾಕ್ತಾರಲ್ಲ, ಹಂಗೆ. ಮನೇಲಿ ಅಕ್ಕಿ ಮುಗಿದಿತ್ತು."

"ಅದು ನೀರಿಗೆ ಬಿದ್ದ ಮೊಬೈಲಿಗಮ್ಮಾ! ಇದು ನೀರಿಗೆ ಬಿದ್ದಿತ್ತಾ?"

"ಇಲ್ಲಪ್ಪ. ಟೇಬಲ್ ಮೇಲಿಂದ ಬಿತ್ತು."

ಹಾರ್ಡ್‌ಡಿಸ್ಕು ಟಕ್ ಟಕ್ ಎಂದರೆ ವೈರು ಕಿತ್ತು ಸುಮ್ಮನೆ ಇಟ್ಟುಬಿಡಬೇಕು. ಹಚ್ಚಿದಾಗಲೆಲ್ಲ ಒಳಗಿನ ಮುಳ್ಳು ತಟ್ಟೆಯನ್ನು ಇನ್ನಷ್ಟು ಕೆರೆಯುತ್ತದೆ. ಇದನ್ನು ನಾನು ಅಂಗಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದ್ದೇನೆ. ಎಷ್ಟು ಸಲ ಹಚ್ಚಿ ನೋಡಿದಿರಿ ಎಂದು ಕೇಳಿದೆ. ಒಂದಿಪ್ಪತ್ತು ಸಲ ಎಂದರು. ನಡುವೆ ಎರಡು ಸಲ ನೆಲಕ್ಕೆ ಕುಟ್ಟಿಯೂ ನೋಡಿದರಂತೆ, ಹಳೆಯ ರೇಡಿಯೋ ಹಾಗೇ ಸರಿಹೋಗುತ್ತಿತ್ತಂತೆ. ಆ ಡಿಸ್ಕು ಹೋಗಿತ್ತು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ, ಅಲ್ಲಾಡಿಸಿದರೆ ಒಳಗೆ ಮುರಿದ ತುಂಡಿನ ಸದ್ದು ಕೇಳುತ್ತಿತ್ತು.

"ಏನಿತ್ತು ಇದರಲ್ಲಿ?"

"ನಮ್ಮೋರು" ಎಂದರು.

ಕರಿಬಸಪ್ಪ ಊರಿಗೆಲ್ಲ ಫೋಟೋ ತೆಗೆಯುವವನೇ ಹೊರತು ತಾನು ಫೋಟೋಗೆ ನಿಲ್ಲುವವನಲ್ಲ. ಅವನದು ಅಂತ ಇದ್ದದ್ದು ಒಂದೇ, ನಿವೃತ್ತಿಯ ದಿನ ಡಿಪೋದವರು ಶಾಲು ಹೊದಿಸಿ ತೆಗೆದದ್ದು. ಗುರುತಿನ ಚೀಟಿಯಲ್ಲೊಂದು ಇತ್ತು, ಅದರಲ್ಲಿ ಅವನನ್ನು ಗುರುತು ಹಿಡಿಯಲು ಅವನಿಗೇ ಆಗುತ್ತಿರಲಿಲ್ಲ. ಈ ಶಾಲಿನ ಫೋಟೋವನ್ನು ಸಿದ್ದಗಂಗಮ್ಮ ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದು, ಎದುರಿಗೆ ಕುರ್ಚಿ ಹಾಕಿಕೊಂಡು, ಅರ್ಧ ಗಂಟೆ ಬೈಯುತ್ತಿದ್ದರು. ನಲ್ಲಿ ಸೋರುವುದಕ್ಕೆ, ಮೊಣಕಾಲು ನೋವಿಗೆ, ಹೇಳದೆ ಕೇಳದೆ ಸತ್ತದ್ದಕ್ಕೆ. ಪಕ್ಕದ ಮನೆಯವರು ಅದನ್ನು ಕೇಳಿಯೇ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

"ಒಂದು ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಬಾರದಿತ್ತಾ?" ಎಂದೆ.

"ಗೋಡೆಗೆ ಹಾಕಿದ್ರೆ ಹಾರ ಹಾಕ್ಬೇಕು. ಹಾರ ಹಾಕ್ಬಿಟ್ಟು ಆಮೇಲೆ ಬೈಯೋದು ಹೆಂಗೆ? ದೇವ್ರು ಮಾಡ್ಬಿಟ್ಟಂಗಾಗಲ್ವಾ?"

ಎರಡನೆಯ ಕಾಪಿ ಎಲ್ಲಿ ಎಂದೆ. ಮಗಳ ಮನೆಯಲ್ಲಿತ್ತಂತೆ. ಮಗಳ ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಅಲ್ಲಿ ಯಾರೋ ಪುಣ್ಯಾತ್ಮ ಹಳೆಯ ಡಿಸ್ಕು ಕಿತ್ತೆಸೆದು ಹೊಸದು ಹಾಕಿ ಕೊಟ್ಟಿದ್ದನಂತೆ. ಈಗ ಸಿಕ್ಕಾಪಟ್ಟೆ ಸ್ಪೀಡಾಗಿದೆಯಂತೆ. ಆಗಲೇಬೇಕಲ್ಲ, ಒಳಗೆ ಏನೂ ಇಲ್ಲ.

ಉಳಿದದ್ದು ಮೂರನೆಯದು. ಅದು ಸಿದ್ದಗಂಗಮ್ಮನ ವಾರಗಿತ್ತಿ ಹಾಲಮ್ಮನ ಮನೆಯಲ್ಲಿತ್ತು. ಈ ಇಬ್ಬರ ಜಗಳ ಊರಿಗೇ ಮಾದರಿ. ಹತ್ತೊಂಬತ್ತು ವರ್ಷದ ಹಿಂದೆ ಹಾಲಮ್ಮ ಕುಕ್ಕರ್ ಇಸಕೊಂಡು ಹೋಗಿ, ವಿಷಲ್ ಇಲ್ಲದೆ ವಾಪಸ್ ಕೊಟ್ಟಿದ್ದರು. ಅಂದಿನಿಂದ ಮಾತಿಲ್ಲ. ಅಂಥ ಗಟ್ಟಿ ಜಗಳದ ಮನೆಯಲ್ಲಿರುವ ಪೆನ್‌ಡ್ರೈವಿಗೆ ಏನೂ ಆಗಿರುವುದಿಲ್ಲ ಎಂದು ನನಗೆ ಪೂರ್ತಿ ಧೈರ್ಯವಿತ್ತು. ಶನಿವಾರ ಮಧ್ಯಾಹ್ನದೊಳಗೆ ತಂದು ಎರಡು ಕಾಪಿ ಮಾಡಿದರೆ ಕರಿಬಸಪ್ಪ ಉಳಿಯುತ್ತಾನೆ ಎಂದು ಅವರಿಗೂ ಧೈರ್ಯ ಹೇಳಿ, ಅಂಗಡಿಗೆ ಬೀಗ ಹಾಕಿ, ಜೊತೆಯಲ್ಲಿ ಹೊರಟೆ.

ಆಗದವರ ಮನೆಯಿಂದ ಕಾಪಿ ವಾಪಸ್ ಪಡೆಯಲು ಒಂದು ಕ್ರಮವಿದೆ. ಗೇಟಿನ ಹೊರಗೆ ನಿಂತು ನೀವು ಬೈಯಬೇಕು. ಅವರು ಒಳಗಿನಿಂದ ಬೈಯಬೇಕು. ಎರಡೂ ಕಡೆ ಸಮ ಆದ ಮೇಲೆ ಮೂರನೆಯವರು ಒಳಗೆ ಹೋಗಿ ಈಸಿಕೊಂಡು ಬರಬೇಕು. ನಾನು ಮೂರನೆಯವಳಾಗಿ ತಯಾರಾಗಿ ನಿಂತೆ. ಸಿದ್ದಗಂಗಮ್ಮ ಗಂಟಲು ಸರಿ ಮಾಡಿಕೊಂಡರು. ಅಷ್ಟರಲ್ಲಿ ಹಾಲಮ್ಮ ಕೋಲೂರಿಕೊಂಡು ಹೊರಗೆ ಬಂದರು.

"ಅಯ್ಯೋ ಅಕ್ಕ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಬಾ ಒಳಿಕ್ಕೆ. ಮಜ್ಜಿಗೆ ಮಾಡಿವ್ನಿ."

ಆಗದವರು ಮಜ್ಜಿಗೆಗೆ ಕರೆಯುವುದಿಲ್ಲ. ಸಿದ್ದಗಂಗಮ್ಮನ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು.

"ರಾಜಿ ಆಗಿದ್ದೀರಾ?" ಎಂದೆ. "ಯಾರನ್ನ ಕೇಳಿ ರಾಜಿ ಆದ್ರಿ?"

"ಹೋದ ಕಾರ್ತೀಕದಲ್ಲಿ ಇವಳು ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕೊಂಡ್ಳಲ್ಲ" ಎಂದರು ಸಿದ್ದಗಂಗಮ್ಮ, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ. "ಹನ್ನೊಂದು ದಿನ ಗಂಜಿ ತಂದುಕೊಟ್ಟೆ. ಹಿತ್ಲು ಬಾಗ್ಲಿಂದ, ಯಾರ್ಗೂ ಗೊತ್ತಾಗ್ದಂಗೆ. ಸಾಯ್ಲಿ ಅಂತ ಬಿಡಕ್ಕಾಗ್ತದೇನೇ?"

"ಮತ್ತೆ ಪೆನ್‌ಡ್ರೈವು?" ಎಂದು ಹಾಲಮ್ಮನನ್ನು ಕೇಳಿದೆ.

ಹಾಲಮ್ಮನ ಮುಖ ಅರಳಿತು. "ಬೀರುವಲ್ಲೇ ಇತ್ತು ಕಣಮ್ಮ, ಇಷ್ಟು ವರ್ಷನೂ. ಈಗ ನಮ್ಮಕ್ಕ ನಂಗೆ ಬೇರೆಯೋಳಾ? ಅಕ್ಕಂದು ಅಂದ್ರೆ ನಮ್ದೇ. ನಮ್ಮೆಜಮಾನ್ರು ಅದ್ನ ಗೂಡ್ಸ್ ಆಟೋಗೆ ಹಾಕ್ಕೊಂಡವ್ರೆ. ನಾನೂರ ಹನ್ನೆರಡು ಹಾಡು ಹಿಡಿಸ್ತಂತೆ!"

ನಾನು ಅಲ್ಲೇ ಗೇಟು ಹಿಡಿದುಕೊಂಡು ಕೂತೆ. ಸಿಟ್ಟು ಬಂತು, ಬೈಯಲು ಯಾರೂ ಸಿಗಲಿಲ್ಲ. ಒಬ್ಬರು ಗಂಜಿ ಕೊಟ್ಟಿದ್ದರು, ಇನ್ನೊಬ್ಬರು ಗಂಜಿ ಕುಡಿದಿದ್ದರು. ಮಜ್ಜಿಗೆ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ಆಟೋದಿಂದ ಪೆನ್‌ಡ್ರೈವ್ ಕಿತ್ತು ತಂದೆ. ಫಾರ್ಮ್ಯಾಟ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂದು ಜನ ತಿಳಿದಿದ್ದಾರೆ. ಹೋಗುವುದು ಯಾವುದು ಎಲ್ಲಿದೆ ಎಂಬ ಪಟ್ಟಿ ಮಾತ್ರ. ಫೋಟೋ ತನ್ನ ಜಾಗದಲ್ಲೇ ಕೂತಿರುತ್ತದೆ, ಅದರ ಮೇಲೆ ಇನ್ನೊಂದು ಬಂದು ಕೂರುವವರೆಗೆ. ಇಲ್ಲಿ ನಾನೂರ ಹನ್ನೆರಡು ಹಾಡು ಬಂದು ಕೂತಿದ್ದವು. ಬುಧವಾರ, ಗುರುವಾರ ಎರಡು ದಿನ ಬೇರೆ ಕೆಲಸ ಬಿಟ್ಟು, ಮೂರು ಥರದ ಸಾಫ್ಟ್‌ವೇರ್ ಓಡಿಸಿ ಕೆದಕಿದೆ. ಶುಕ್ರವಾರ ಬೆಳಿಗ್ಗೆ ಕರಿಬಸಪ್ಪನ ಫೈಲು ಸಿಕ್ಕಿತು. ಸಿದ್ದಗಂಗಮ್ಮ ಪಕ್ಕದಲ್ಲೇ ಇದ್ದರು. ತೆರೆದೆ.

ಮೇಲಿನಿಂದ ಚಿತ್ರ ಬಿಚ್ಚಿಕೊಂಡಿತು. ಮೊದಲು ಬೀಳ್ಕೊಡುಗೆ ಸಮಾರಂಭದ ಬ್ಯಾನರು. ಆಮೇಲೆ ಟ್ಯೂಬ್‌ಲೈಟು. ಆಮೇಲೆ ಹೊಳೆಯುವ ಬೋಳು ತಲೆ, ಹಣೆ, ವಿಭೂತಿಯ ಮೂರು ಗೆರೆ, ಎರಡು ಹುಬ್ಬು. ಅಲ್ಲಿಗೆ ನಿಂತಿತು. ಹುಬ್ಬಿನ ಕೆಳಗೆಲ್ಲ ಬೂದು ಬಣ್ಣ.

"ಮಿಕ್ಕಿದ್ದು?" ಎಂದರು.

"ಮಿಕ್ಕಿದ್ದರ ಮೇಲೆ ಹಾಡು ಕೂತಿದೆ. ಬರಲ್ಲಮ್ಮಾ."

ಅವರು ಆ ತಲೆಯನ್ನೇ ನೋಡುತ್ತಾ ಕೂತರು. "ಈ ಬುರುಡೆ ಇಟ್ಕೊಂಡು ನಾನೇನ್ ಮಾಡ್ಲೇ? ಕಣ್ಣಿಲ್ಲ. ಕಿವಿನಾದ್ರೂ ಇದ್ದಿದ್ರೆ ಆಗಿತ್ತು. ಬೈದ್ರೆ ಯಾರಿಗೆ ಕೇಳಿಸ್ತದೆ?" ಎಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಮೂರು ವರ್ಷದ ಹಿಂದೆ, ಹೆಣ ಎತ್ತುವಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆವತ್ತು ಸಹ ಹೊರಡುವಾಗ ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ಎಂದು ಹೆಣಕ್ಕೆ ಬೈಯುತ್ತಿದ್ದರು.

ನನಗೆ ಡ್ರಾಯರಿನ ಲಕೋಟೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಗಳವಾರದಿಂದಲೂ ನೆನಪಿತ್ತು. ಆದರೆ ಕರಿಬಸಪ್ಪ ಅದನ್ನು ಕೊಟ್ಟದ್ದು ಹೆಂಡತಿಗೂ ತಿಳಿಯದ ಹಾಗೆ, ಕೊಡುವಾಗ ಅವನೇ ಹಾಗೆ ಹೇಳಿದ್ದ. ಅದರೊಳಗಿನದಕ್ಕೆ ಇನ್ನೊಂದು ಕಾಪಿ ಎಲ್ಲೂ ಇರಲಾರದು ಎಂದು ನನಗೆ ಆಗಲೇ ಅನ್ನಿಸಿತ್ತು. ಒಂಬತ್ತು ವರ್ಷ ಅಂದರೆ ನೂರಕ್ಕೂ ಹೆಚ್ಚು ಅಮಾವಾಸ್ಯೆ. ತೆರೆದರೆ ಬರೀ ಕುರ್ಚಿ ಪರದೆ ಇರುತ್ತವೆ, ಅವನ್ನು ಈ ಹೆಂಗಸಿಗೆ ಹೇಗೆ ತೋರಿಸಲಿ ಎಂದು ಸುಮ್ಮನಿದ್ದೆ. ಸ್ವಲ್ಪ ಜಂಬವೂ ಇತ್ತು. ಅವನ ಲಕೋಟೆಯನ್ನು ಇಷ್ಟು ವರ್ಷ ಜೋಪಾನ ಮಾಡಿದ್ದೇನೆ ಎಂದು ಹೇಳಿಕೊಳ್ಳಲು ಮನಸ್ಸಿರಲಿಲ್ಲ. ಅವರ ಅಳು ನೋಡಿದ ಮೇಲೆ ಎರಡೂ ಉಳಿಯಲಿಲ್ಲ. ಡ್ರಾಯರು ಎಳೆದು ಲಕೋಟೆಯನ್ನು ಅವರ ಮುಂದಿಟ್ಟು, ಯಾರದು, ಯಾವಾಗಿನದು ಎಂದು ಹೇಳಿದೆ.

"ಒಂಬತ್ತು ವರ್ಷದಿಂದ ಮಡಗ್ಕೊಂಡು ಬಾಯಿ ಬಿಟ್ಟಿಲ್ವೇನೇ ನೀನು?"

"ಬಾಯಿ ಬಿಡಬಾರದು ಅನ್ನೋದೇ ಕ್ರಮ ಅಲ್ವೇನಮ್ಮಾ. ಆದ್ರೆ ಆಸೆ ಇಟ್ಕೋಬೇಡಿ. ಒಳಗೆ ಯಾರೂ ಇರಲ್ಲ."

"ನೀನು ತೆಗಿ ಮೊದ್ಲು."

ಲಕೋಟೆಯಲ್ಲಿ ಹಳೆಯ ಕ್ಯಾಮೆರಾದ ಒಂದು ಮೆಮೊರಿ ಕಾರ್ಡು ಇತ್ತು. ಕಂಪ್ಯೂಟರಿಗೆ ಹಾಕಿದರೆ ಓದಲಿಲ್ಲ. ಕಾರ್ಡಿನ ಹಿತ್ತಾಳೆ ಪಟ್ಟಿಗಳೆಲ್ಲ ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದೆ. ಈ ಮದ್ದು ಅರ್ಧ ರೋಗಕ್ಕೆ ಸಾಕಾಗುತ್ತದೆ. ನೂರ ನಲವತ್ತಮೂರು ಫೋಟೋ ಎಂದು ತೋರಿಸಿತು.

ಮೊದಲನೆಯದರಲ್ಲಿ ಸಿದ್ದಗಂಗಮ್ಮ ಒಲೆಯ ಮುಂದೆ ಸೌಟು ಎತ್ತಿ ಹಿಡಿದು ಬೈಯುತ್ತಿದ್ದರು. ಎರಡನೆಯದರಲ್ಲಿ ಬಟ್ಟೆ ಒಣಹಾಕುತ್ತಾ ಬೈಯುತ್ತಿದ್ದರು. ಮೂರನೆಯದರಲ್ಲಿ ಒಗ್ಗರಣೆ ಸಿಡಿಯುತ್ತಿತ್ತು, ಹೊಗೆಯ ನಡುವಿನಿಂದ ಬೈಯುತ್ತಿದ್ದರು. ಲೆನ್ಸಿಗೆ ಸಾಸಿವೆ ಹೋದದ್ದು ಹೇಗೆಂದು ನನಗೆ ಒಂಬತ್ತು ವರ್ಷದ ಮೇಲೆ ಗೊತ್ತಾಯಿತು. ಕ್ಯಾಮೆರಾದ ಗಡಿಯಾರ ಕೆಟ್ಟಿದ್ದರಿಂದ ಎಲ್ಲ ಫೋಟೋದ ಮೇಲೂ ಜನವರಿ ಒಂದು ಎಂದೇ ಇತ್ತು. ನೋಡಿದವರು ಈಯಮ್ಮ ಒಂದೇ ದಿನದಲ್ಲಿ ನೂರ ನಲವತ್ತಮೂರು ಸಲ ಬೈದಿದ್ದಾರೆ ಎಂದುಕೊಳ್ಳಬೇಕು.

"ಇವು ನಿಮ್ಮ ಮನೆ ಕಂಪ್ಯೂಟರಲ್ಲಿ ಇದ್ದವಾ?" ಎಂದೆ.

"ಇದ್ದಿದ್ರೆ ಬಿಡ್ತಿದ್ನಾ? ಅವತ್ತೇ ಅಳ್ಸಿ ಹಾಕ್ತಿದ್ದೆ. ಈ ಅವತಾರ ಯಾರಾದ್ರೂ ಮಡಗ್ತಾರಾ?"

ಅಂದರೆ ಇವು ಇದ್ದದ್ದು ಇದೊಂದೇ ಕಡೆ. ಆದರೂ ಯಾರೂ ಎದ್ದು ಹೋಗಿರಲಿಲ್ಲ. ಹೀಗೆ ಆದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ನೂರು ಅಮಾವಾಸ್ಯೆ ದಾಟಿಯೂ ಕೂತಿದ್ದಾರೆ ಎಂದು ಅವರಿಗೂ ಹೇಳಿದೆ.

ಕೊನೆಯ ಫೋಟೋಗೆ ಬಂದೆವು. ಕ್ಯಾಮೆರಾವನ್ನು ಯಾವುದರದೋ ಮೇಲಿಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ, ಓಡಿ ಬಂದು ಕೂತು ತೆಗೆದದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ. ಸಿದ್ದಗಂಗಮ್ಮ ಅವನ ಕಡೆ ತಿರುಗಿ, ತೋರುಬೆರಳೆತ್ತಿ, ಬಾಯಿ ತೆರೆದಿದ್ದರು. ಕರಿಬಸಪ್ಪ ಏದುಸಿರು ಬಿಡುತ್ತಾ ನಗುತ್ತಿದ್ದ. ಕಣ್ಣು, ಮೂಗು, ಎರಡು ಕಿವಿ, ಎಲ್ಲ ಇದ್ದವು.

ಸಿದ್ದಗಂಗಮ್ಮ ಸೆರಗಿನಿಂದ ಪರದೆಯ ಧೂಳು ಒರೆಸಿದರು. ನಾನು ಕೂಡಲೇ ಎರಡು ಹೊಸ ಪೆನ್‌ಡ್ರೈವ್ ತೆಗೆದೆ.

"ಬ್ಯಾಡ" ಎಂದರು.

"ನಾಳೆ ಅಮಾವಾಸ್ಯೆ ಅಮ್ಮಾ!"

"ಗೊತ್ತು. ನೂರು ಅಮಾವಾಸ್ಯೆ ಕೂತವ್ರೆ ಅಂದ್ಯಲ್ಲ. ಯಾರೂ ಕಟ್ಟಿ ಹಾಕಿರ್ಲಿಲ್ಲ. ನಾಳೆ ಹೋಗೋ ಮನ್ಸಿದ್ರೆ ಹೋಗ್ಲಿ. ನಾನು ಎದುರ್ಗೆ ಕೂತು ನೋಡ್ಬೇಕು."

ಎಷ್ಟು ಹೇಳಿದರೂ ಕೇಳಲಿಲ್ಲ. ಕದ್ದು ಒಂದು ಕಾಪಿ ಮಾಡಿಬಿಡೋಣ ಎಂದುಕೊಂಡೆ, ಅವರು ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಶನಿವಾರ ಹನ್ನೊಂದೂವರೆಗೇ ಬಂದು, ನನ್ನ ಕುರ್ಚಿಯಲ್ಲಿ ಕೂತು, ಆ ಕೊನೆಯ ಫೋಟೋ ಹಾಕಿಸಿಕೊಂಡರು. ಹನ್ನೆರಡಕ್ಕೆ ಬೈಯಲು ಶುರು ಮಾಡಿದರು. ಡಿಸ್ಕು ಬಿದ್ದ ದಿನದಿಂದ ಬಾಕಿ ಇತ್ತು, ಅದರ ಮೇಲೆ ಈ ಲಕೋಟೆಯ ಗುಟ್ಟಿನದು ಬೇರೆ. "ನಂಗೊಂದು ಮಾತು ಹೇಳ್ಬಾರ್ದಿತ್ತಾ? ನಾನೇನು ತಿಂದುಬಿಡ್ತಿದ್ನಾ?" ಎಂದರು. ಹನ್ನೆರಡೂವರೆಗೆ ಬೀದಿಯಲ್ಲಿ ಕುಕ್ಕರುಗಳು ಕೂಗತೊಡಗಿದವು. ಅದು ಊಟದ ಹೊತ್ತು. ನಾನು ಪರದೆಯನ್ನು ನೋಡಲಾರದೆ ಅವರ ಮುಖ ನೋಡುತ್ತಿದ್ದೆ. ದನಿ ಏರುತ್ತಾ ಹೋಯಿತು, ಬೆರಳೂ ಎದ್ದಿತು. ಪರದೆಯೊಳಗಿನ ಬೆರಳೂ ಹೊರಗಿನ ಬೆರಳೂ ಒಂದೇ ಮುಖದ ಕಡೆಗಿದ್ದವು. ಒಂದು ಗಂಟೆಯಾಯಿತು. ಒಂದೂವರೆಯಾಯಿತು.

"ನೋಡು" ಎಂದರು ಸಿದ್ದಗಂಗಮ್ಮ. "ಊಟಕ್ಕೂ ಎದ್ದಿಲ್ಲ."

ಆಮೇಲೆ ಕಾರ್ಡನ್ನು ತೆಗೆಸಿ, ಅದೇ ಖಾಕಿ ಲಕೋಟೆಗೆ ಹಾಕಿ, ನನ್ನ ಮುಂದೆ ಹಿಡಿದರು. ಮನೆಯಲ್ಲಿಟ್ಟರೆ ರಾಗಿ ಹಿಟ್ಟಿನ ಪಾಲಾಗುತ್ತದೆ, ನನ್ನ ಬಳಿಯೇ ಇರಲಿ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬೆಚ್ಚಿಬಿದ್ದು ಕೈ ಕಿತ್ತುಕೊಂಡರು.

"ಹಿಂಗೆ ಪ್ರೀತಿ ತೋರ್ಸಿದ್ರೆ ನಿನ್ ತಾವ ಹೆಂಗೆ ಮಡಗೋದು? ನಾಳೆ ನೀನೂ ಹಾಡು ತುಂಬ್ತೀಯ." ಸ್ವಲ್ಪ ಯೋಚಿಸಿ, ಅಂಗಡಿಯನ್ನೆಲ್ಲ ಕಣ್ಣಾಡಿಸಿ, ಬಾಗಿಲ ಹೊರಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಕಸ ಗುಡಿಸೋಕೆ ಬರಲ್ಲ, ಇವಳೊಂದು ಅಂಗಡಿ ಮಡಗವ್ಳೆ! ನಮ್ಮೋರ ಕ್ಯಾಮೆರಾ ಹಾಳು ಮಾಡಿದ ಕೈ ಇದು! ಇವತ್ತಿಂದ ನಿನಗೂ ನನಗೂ ಮಾತಿಲ್ಲ!"

"ಹೋಗ್ರೀ, ನಿಮ್ಮ ಮಾತು ಯಾರಿಗೆ ಬೇಕಾಗಿತ್ತು!" ಎಂದು ನಾನೂ ಕೂಗಿದೆ. ದನಿ ಸ್ವಲ್ಪ ಒಡೆಯಿತು. ಯಾರೂ ಗಮನಿಸಿರಲಾರರು.

ಅವತ್ತಿನಿಂದ ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಬರುತ್ತಾರೆ. ನನ್ನ ಕಡೆ ನೋಡುವುದಿಲ್ಲ. ನಾನು ಮಾತಾಡದೆ ಫೋಟೋ ಹಾಕಿಕೊಡುತ್ತೇನೆ, ಅವರು ಅರ್ಧ ಗಂಟೆ ಬೈದು ಎದ್ದು ಹೋಗುತ್ತಾರೆ. ಅಮಾವಾಸ್ಯೆಯ ದಿನ ಮಾತ್ರ ಮಧ್ಯಾಹ್ನದವರೆಗೂ ಕೂರುತ್ತಾರೆ. ಅವತ್ತು ಎರಡು ಬುತ್ತಿ ತಂದಿರುತ್ತಾರೆ, ಒಂದನ್ನು ಮಾತಿಲ್ಲದೆ ನನ್ನ ಮೇಜಿನ ಮೇಲೆ ಕುಕ್ಕುತ್ತಾರೆ. ಎರಡನೆಯ ಕಾಪಿಯನ್ನು ನಾನು ಇನ್ನೂ ಮಾಡಿಲ್ಲ.